ಪಂಪಿಗೂ ಒಂದು ತುತ್ತು

ಪೈಪಿನ ಬಾಯಿಂದ ನೀರಿನ ಬದಲು ಒಂದು ಬಿಕ್ಕಳಿಕೆ ಬಂತು. ಮೋನಮ್ಮ ಸ್ವಿಚ್ ಆರಿಸಿ ಮತ್ತೆ ಹಾಕಿದಳು. ಈ ಸಲ ಬಿಕ್ಕಳಿಕೆಯೂ ಇಲ್ಲ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿದ್ದರೂ ಸೋಲಾರ್ ಪಂಪು ಮುನಿಸಿಕೊಂಡ ಅಳಿಯನ ಹಾಗೆ ಸುಮ್ಮನೆ ಕೂತಿತ್ತು.

ಸಗರ ಊರಿನ ಆ ಹೊಲ ಕಾಲುವೆಯ ಕಟ್ಟಕಡೆಯದು. ಕಾಲುವೆಗೆ ನೀರು ಬಿಡಲು ಇನ್ನೂ ಹನ್ನೆರಡು ದಿನವಿತ್ತು. ಎರಡು ಎಕರೆ ಮೆಣಸಿನ ಗಿಡ ಹೂವು, ಕಾಯಿ ಹಿಡಿದು ನಿಂತಿತ್ತು. ಇವತ್ತು ನಾಳೆಯಲ್ಲಿ ನೀರು ಕಾಣದಿದ್ದರೆ ಹೂವೆಲ್ಲ ನೆಲಕ್ಕೆ. ಬಾವಿಯಲ್ಲಿ ನೀರಿತ್ತು, ಮೇಲೆತ್ತಲು ಈ ಪಂಪು ಬಿಟ್ಟರೆ ಬೇರೆ ಗತಿಯಿರಲಿಲ್ಲ. ಡೀಸೆಲ್ ಇಂಜಿನ್ ಮಾರಿಬಿಡೋಣ, ಸೋಲಾರ್ ಹಾಕಿಸೋಣ ಎಂದು ಮಳೆಗಾಲದಲ್ಲಿ ಹಟ ಹಿಡಿದವಳು ಮೋನಮ್ಮನೇ. "ಬಿಸಿಲು ನಂಬಿ ಒಕ್ಕಲುತನ ಮಾಡಿದವರು ಯಾರದಾರ?" ಎಂದಿದ್ದ ಗಂಡ ತಿಮ್ಮಣ್ಣ. ಸಂಜೆ ಅವನಿಗೆ ಏನು ಹೇಳುವುದು?

ಶಹಾಪುರದ ಮೆಕ್ಯಾನಿಕ್ ಅಮೀನಸಾಬನಿಗೆ ಫೋನು ಹೋಯಿತು. "ಕಂಟ್ರೋಲರ್ ಸುಟ್ಟಿದ್ರ ಹೈದರಾಬಾದಿಗೆ ಕಳಸಬೇಕಾಗ್ತದ್ರಿ. ಹದಿನೈದು ದಿನ ಹಿಡೀತದ" ಎಂದ ಅವನು, ಒಂದು ತಾಸಿನಲ್ಲಿ ಬೈಕಿನ ಮೇಲೆ ಬಂದೇಬಿಟ್ಟ. ಬೇವಿನ ನೆರಳಲ್ಲಿ ಕೂತಿದ್ದ ಅತ್ತೆ ಮರಿಲಿಂಗಮ್ಮ ಅವನನ್ನೇ ನೋಡಿದಳು.

ಅಮೀನಸಾಬ ಕಂಟ್ರೋಲರಿನ ಡಬ್ಬಿ ತೆರೆದು ಮೂಸಿ ನೋಡಿದ. "ಸುಟ್ಟ ವಾಸನಿ ಇಲ್ಲ." ವೈರುಗಳನ್ನೆಲ್ಲ ಎಳೆದು ನೋಡಿದ. ಅವೂ ಸರಿಯಿದ್ದವು. ಹತ್ತು ಪ್ಯಾನೆಲ್ಲುಗಳು ಆಳೆತ್ತರದಲ್ಲಿ ಆಕಾಶಕ್ಕೆ ಮುಖ ಮಾಡಿದ್ದವು. ಕೊನೆಗೆ ಅವುಗಳ ಮುಂದೆ ಬೈಕು ನಿಲ್ಲಿಸಿ, ಸೀಟಿನ ಮೇಲೆ ಹತ್ತಿದ.

"ಯಾರ್ರಿ, ಇದರ ಮಾರಿಗೆ ಅಂಬಲಿ ಬಳದವರು?"

ಮೋನಮ್ಮನಿಗೆ ಅರ್ಥವಾಗಲಿಲ್ಲ. ಮರಿಲಿಂಗಮ್ಮನಿಗೆ ಆಯಿತು. ಮುದುಕಿ ಮೆಲ್ಲಗೆ ಎದ್ದು ಬಂದಳು.

"ನಾನಪ್ಪಾ. ನಿನ್ನಿ ಎಳ್ಳಮಾಸಿ ಹಬ್ಬ. ಹೊಲದ ತುಂಬ ಎಡಿ ತೂರಿ ಭೂತಾಯಿಗೆ ಚರಗ ಚೆಲ್ಲಿದ್ವಿ. ಅಂಬಲಿ, ಅನ್ನ, ಭಜ್ಜಿಪಲ್ಯ. ಮೊದಲ ಎತ್ತಿಗೆ ಉಣಸ್ತಿದ್ವಿ. ಈಗ ಹೊಲದಾಗ ದುಡಿಯಾಕತ್ತಿದ್ದು ಇದ. ಇದನ್ನ ಉಪಾಸ ಹೆಂಗ ಇಡೂದು? ಒಂದೊಂದು ಹಿಡಿ ಇದಕ್ಕೂ ತೂರಿದೆ." ಅವಳು ಪ್ಯಾನೆಲ್ಲಿನ ಕಂಬ ಮುಟ್ಟಿ ನೋಡಿದಳು. "ಸತ್ತ ಹೋತೇನಪ್ಪಾ?"

ಅಮೀನಸಾಬನಿಗೆ ನಗು ತಡೆಯಲಾಗಲಿಲ್ಲ. "ಸತ್ತಿಲ್ಲ ಬಿಡಮ್ಮಾ. ಹತ್ತೂ ಒಂದ ಸಾಲಿನಾಗ ಹೂಡಿದಂಗ ಅದಾವ. ಒಂದರ ಮಾರಿ ಮುಚ್ಚಿದ್ರ ಉಳಿದವೂ ಜಗ್ಗೂದಿಲ್ಲ. ನೀ ಹತ್ತಕ್ಕೂ ಬಡಿಸೀದಿ. ಮ್ಯಾಲ ಕಾಗಿ, ಗೊರವಂಕನೂ ಬಂದು ಉಂಡು, ಅಲ್ಲೇ ಹೇತು ಹೋಗ್ಯಾವ." ಅವನು ಮೋನಮ್ಮನತ್ತ ತಿರುಗಿದ. "ಕಾದ ಗಾಜಿಗೆ ಒಮ್ಮಿಗೇ ತಣ್ಣೀರು ಸುರೀಬ್ಯಾಡ್ರಿ, ಒಡೀತದ. ಒದ್ದಿ ಅರಿವೀಲೆ ಒರಸ್ರಿ."

ಮೋನಮ್ಮ ಕೋಲಿಗೆ ಒದ್ದೆ ಬಟ್ಟೆ ಸುತ್ತಿ ಹತ್ತನ್ನೂ ಒರೆಸಿದಳು, ಅವನು ಸ್ವಿಚ್ ಹಾಕಿದ. ಪೈಪು ಎರಡು ಸಲ ಕೆಮ್ಮಿತು. ಆಮೇಲೆ ತೊಡೆ ಗಾತ್ರದ ನೀರು ಧಬಧಬ ಬಿದ್ದು ಮೆಣಸಿನ ಸಾಲಿಗೆ ನುಗ್ಗಿತು. ಮೋನಮ್ಮ ಬದುವಿನ ಮೇಲೇ ಕೂತು, ನಗುತ್ತಲೇ ಕಣ್ಣೊರೆಸಿಕೊಂಡಳು.

"ಮುಂದಿನ ವರ್ಷ ಇದರ ಕಾಲಬುಡಕ್ಕ ಚೆಲ್ಲಮ್ಮಾ" ಎಂದ ಅಮೀನಸಾಬ, ಬೈಕು ಹತ್ತುತ್ತ.

ಮರಿಲಿಂಗಮ್ಮ ಕೇಳಿಸಿಕೊಳ್ಳಲಿಲ್ಲ. ಅವಳು ಸೆರಗಿನ ತುದಿ ನೀರಿಗೆ ಅದ್ದಿ, ಕೈಗೆಟುಕಿದ ಪ್ಯಾನೆಲ್ಲಿನ ಅಂಚನ್ನು ಮೆತ್ತಗೆ ಒರೆಸುತ್ತಿದ್ದಳು.

"ತಪ್ಪು ನಂದ. ಉಣಿಸಿದ ಮ್ಯಾಲ ಬಾಯಿ ಒರಸೂದು ಮರತಿದ್ದೆ."