ಇಪ್ಪತ್ತು ನಿಮಿಷದ ಸೋಫಾ

"ಕೂತವರು ಬೇಗ ಎದ್ದುಬಿಡೋ ಥರ ಮಾಡಿಕೊಡಬೇಕು," ಎಂದಳು ಮನೆಯಾಕೆ. ಸೋಫಾ ರಿಪೇರಿಯವನು ಅಳತೆ ಟೇಪನ್ನು ಹಾಗೇ ಹಿಡಿದುಕೊಂಡು, ತನ್ನ ಕಿವಿಗೆ ಬಿದ್ದದ್ದು ಸರಿಯೇ ಎಂದು ಯೋಚಿಸಿದ. ಮೂವತ್ತು ವರ್ಷದಿಂದ ಜನ ಅವನ ಹತ್ತಿರ ಮೆತ್ತಗಿರಲಿ ಎಂದಷ್ಟೇ ಕೇಳುತ್ತ ಬಂದಿದ್ದರು.

"ಹೋಟೆಲಿನವರು ಹೀಗೆ ಮಾಡಿಸ್ತಾರೆ ಮೇಡಂ," ಎಂದ ಕೊನೆಗೆ. "ತಿಂದವರು ಜಾಗ ಬಿಡ್ಬೇಕಲ್ಲ. ಮನೆಗೆ ಅಂತ ಮಾಡೋದು ಇದೇ ಮೊದಲು. ಎಷ್ಟು ಹೊತ್ತಿಗೆ ಏಳ್ಬೇಕು?"

"ನೀವು ಎಷ್ಟು ಹೊತ್ತಿನದು ಮಾಡ್ತೀರಿ?"

"ನಲವತ್ತು ನಿಮಿಷದ್ದೂ ಆಗತ್ತೆ, ಇಪ್ಪತ್ತರದ್ದೂ ಆಗತ್ತೆ. ಅದಕ್ಕಿಂತ ಕಮ್ಮಿ ಮಾಡಿದ್ರೆ ಕೂತವರಿಗೆ ಗೊತ್ತಾಗ್ಬಿಡತ್ತೆ."

"ಇಪ್ಪತ್ತೇ ಇರಲಿ. ಮಲಗೋಕಂತೂ ಆಗಲೇಬಾರದು."

ಅವನು ಯಾಕೆ ಏನು ಎಂದು ಕೇಳಲಿಲ್ಲ. ಗಟ್ಟಿ ಫೋಮು, ಸೀಟು ಮುಂದಕ್ಕೆ ಎರಡು ಬೆರಳು ಇಳಿಜಾರು, ಬೆನ್ನು ನೆಟ್ಟಗೆ, ಮಲಗಲಾಗದ ಹಾಗೆ ಸೀಟಿನ ನಡುವೆ ಕುರ್ಚಿಗಿರುವಂಥ ಎರಡು ಕೈ ಎಂದು ಚೀಟಿಯಲ್ಲಿ ಬರೆದುಕೊಂಡು ಕಿಸೆಗೆ ಹಾಕಿದ.

ಬೇಗ ಏಳಬೇಕಾಗಿದ್ದವನು ಒಬ್ಬನೇ, ಅವಳ ಮೈದುನ. ಆ ಹೊತ್ತಿಗೆ ಪೇಪರ್ ಓದಲು ಲೈಬ್ರರಿಗೆ ಹೋಗಿದ್ದ. ಕೆಲಸಕ್ಕಿದ್ದ ಕನ್ನಡಕದಂಗಡಿ ಮುಚ್ಚಿದ ಮೇಲೆ ಕೆಲವು ಕಾಲ ಅಕ್ಕನ ಮನೆಯಲ್ಲಿದ್ದು, ಎಂಟು ದಿನದ ಮಟ್ಟಿಗೆ ಎಂದು ಅಣ್ಣನ ಮನೆಗೆ ಬಂದಿದ್ದ. ಎಂಟು ತಿಂಗಳಾಗಿತ್ತು. ಹಗಲು ಸೋಫಾದ ಮೇಲೆ ಕೂರುತ್ತಿದ್ದ, ರಾತ್ರಿ ಅದರ ಮೇಲೇ ಮಲಗುತ್ತಿದ್ದ. ಕೆಟ್ಟವನೇನಲ್ಲ, ಕೆಟ್ಟವನಾಗಿದ್ದರೆ ಕೆಲಸ ಸುಲಭವಾಗುತ್ತಿತ್ತು. ಆದರೆ ಮನೆಗೆ ಇದ್ದದ್ದು ಒಂದು ಹಾಲ್, ಒಂದು ಕೋಣೆ. ಮಗಳು ವಾಷಿಂಗ್ ಮಷೀನಿನ ಮೇಲೆ ಪುಸ್ತಕ ಇಟ್ಟುಕೊಂಡು ನಿಂತೇ ಲೆಕ್ಕ ಬಿಡಿಸುತ್ತಿದ್ದಳು. ಬಟ್ಟೆ ಒಗೆಯುವ ದಿನ ಅವಳ ಅಂಕಿಗಳು ನಡುಗುತ್ತಿದ್ದವು. ಪರೀಕ್ಷೆಗೆ ಆರು ವಾರ ಉಳಿದಿತ್ತು.

"ಒಡಹುಟ್ಟಿದವನಿಗೆ ಹೋಗು ಅನ್ನೋಕೆ ನನಗೆ ಬಾಯಿ ಬರಲ್ಲ," ಎಂದಿದ್ದ ಗಂಡ. "ನೀನೇ ಏನಾದ್ರೂ ಮಾಡು. ಆದ್ರೆ ಅವನ ಮನಸ್ಸಿಗೆ ನೋವಾಗಬಾರದು." ಹೀಗೆಂದು ತನ್ನ ಪಾಲಿನದು ಮುಗಿಯಿತೆಂಬಂತೆ ಆಫೀಸಿಗೆ ಹೊರಟುಹೋಗಿದ್ದ. ಹಾಗಾಗಿ ಅವಳು ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿದ್ದು ಇಷ್ಟೇ: ಹಾಲ್ ಸ್ವಲ್ಪ ಅನುಕೂಲವಾಗಿ, ಹಿತವಾಗಿ ಇರುವ ಹಾಗೆ ಮಾಡೋಣ. ಕಿಟಕಿಯ ಪಕ್ಕ ಮಗಳಿಗೊಂದು ಮೇಜು, ಗೋಡೆಗೆ ಪುಸ್ತಕದ ಹಲಗೆ, ಮೂಲೆಗೆ ಹಳದಿ ಬೆಳಕಿನ ದೀಪ. ಸೋಫಾಕ್ಕೂ ಒಂದು ರಿಪೇರಿ.

ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಖುಷಿಪಟ್ಟವನು ಮೈದುನ. ಸೋಫಾ ಮೆಟ್ಟಿಲಿಳಿಯುವಾಗ ಒಂದು ತುದಿಗೆ ಅವನೇ ಹೆಗಲು ಕೊಟ್ಟ. ಬಟ್ಟೆಯ ತುಂಡುಗಳನ್ನು ಬೆಳಕಿಗೆ ಹಿಡಿದು ನೋಡಿ, "ಬೂದು ಬಣ್ಣ ತಗೊಳ್ಳಿ ಅತ್ತಿಗೆ, ಕೊಳೆ ಕಾಣಲ್ಲ, ವರ್ಷಗಟ್ಟಲೆ ಬರತ್ತೆ," ಎಂದ. ವರ್ಷಗಟ್ಟಲೆ ಎಂಬ ಮಾತು ಕೇಳಿ ಅತ್ತಿಗೆ ಬಟ್ಟೆಯ ತುಂಡುಗಳನ್ನು ಬೇಗ ಬೇಗ ಎತ್ತಿಟ್ಟಳು. ಮಗಳ ಮೇಜು ಅಲುಗಾಡುತ್ತಿತ್ತು. ಕಾಲಿನ ಕೆಳಗೆ ರಟ್ಟು ಮಡಿಸಿಟ್ಟು ಸರಿಮಾಡಿದ. ದೀಪದ ವೈರನ್ನು ಯಾರೂ ಎಡವದ ಹಾಗೆ ಗೋಡೆಯಂಚಿಗೆ ಕೂರಿಸಿ ಕ್ಲಿಪ್ಪು ಹೊಡೆದ. ಸೋಫಾ ಇಲ್ಲದ ನಾಲ್ಕು ರಾತ್ರಿ ಚಾಪೆಯ ಮೇಲೆ ಮಲಗಿದ.

ಐದನೆಯ ದಿನ ಬೆಳಗ್ಗೆ ಸೋಫಾ ಬಂತು. ನೋಡಲು ಲಕ್ಷಣವಾಗಿತ್ತು. "ನಾನೂ ಕೂತು ನೋಡಿದ್ದೀನಿ ಮೇಡಂ, ನನ್ನ ಹೆಂಡತೀನೂ ಕೂರಿಸಿ ನೋಡಿದ್ದೀನಿ," ಎಂದು ರಿಪೇರಿಯವನು ತಗ್ಗಿದ ದನಿಯಲ್ಲಿ ಹೇಳಿದ. "ಅವಳು ಬೇಜಾರು ಮಾಡ್ಕೊಂಡು ಎದ್ದುಹೋದ್ಲು. ಕೆಲಸದಲ್ಲಿ ಅನುಮಾನ ಇಲ್ಲ."

ಅವನು ಹೋದ ಮೇಲೆ ಮೈದುನ ಕೂತ. ಅವಳು ಅಡುಗೆಮನೆಯ ಬಾಗಿಲಲ್ಲಿ ಬೀನ್ಸ್ ಮುರಿಯುತ್ತ ಗೋಡೆಯ ಗಡಿಯಾರ ನೋಡುತ್ತಿದ್ದಳು. ಎಂಟನೆಯ ನಿಮಿಷಕ್ಕೆ ಅವನು ಕಾಲು ಬದಲಿಸಿದ. ಹದಿಮೂರಕ್ಕೆ ಮುಂದಕ್ಕೆ ಜಾರಿ, ಮತ್ತೆ ಹಿಂದಕ್ಕೆ ಸರಿದು ಕೂತ. ಹದಿನಾರಕ್ಕೆ ಸೀಟಿನ ಇಳಿಜಾರನ್ನು ಅಂಗೈಯಿಂದ ಸವರಿದ. ಸೋಫಾದ ನಡುವಿನ ಎರಡು ಕೈಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಹತ್ತೊಂಬತ್ತಕ್ಕೆ ಎದ್ದ. ಒಂದು ನಿಮಿಷದ ವ್ಯತ್ಯಾಸಕ್ಕೆ ಕೆಲಸಗಾರನನ್ನು ದೂರುವ ಹಾಗಿರಲಿಲ್ಲ.

ಅವಳಿಗೆ ಸಂತೋಷವೇ ಆಯಿತು, ಸುಳ್ಳು ಹೇಳುವುದೇಕೆ. ಮಗಳು ಇನ್ನು ಕೂತು ಓದುತ್ತಾಳೆ ಎಂದುಕೊಂಡಳು. ಬೀನ್ಸ್ ತೊಳೆದಿಟ್ಟು ಹೊರಗೆ ಬಂದರೆ ಮೈದುನ ಹಾಸಿಗೆ ಸುತ್ತಿಟ್ಟು, ಬಟ್ಟೆಗಳನ್ನೆಲ್ಲ ಬ್ಯಾಗಿಗೆ ತುಂಬಿ, ಜಿಪ್ ಎಳೆಯುತ್ತಿದ್ದ. ಅವಳಿಗೆ ಎಲ್ಲಿ ಮುಖ ಇಡಬೇಕೆಂದು ತಿಳಿಯಲಿಲ್ಲ.

"ಎಲ್ಲಿಗೆ ಹೊರಟ್ರಿ?"

"ಸ್ನೇಹಿತನೊಬ್ಬ ಬಾ ಅಂತ ಕರೀತಾನೇ ಇದ್ದ. ಅಣ್ಣನಿಗೆ ನಾನೇ ಫೋನ್ ಮಾಡ್ತೀನಿ, ನೀವೇನೂ ಹೇಳೋಕೆ ಹೋಗ್ಬೇಡಿ."

"ಅಂಥ ಅವಸರ ಏನಿತ್ತು? ಇನ್ನೆರಡು ದಿನ ಇದ್ದು ಹೋಗಬಹುದಿತ್ತಲ್ಲ," ಎಂದಳು. ಎಂಟು ತಿಂಗಳಲ್ಲಿ ಅವಳು ಅವನಿಗೆ ಹೇಳಿದ ಮೊದಲ ಉಪಚಾರದ ಮಾತು ಅದು. ಹೇಳಿದ ಮೇಲೆ ನಾಚಿಕೆಯಾಯಿತು.

ಅವನು ಬಾಗಿಲ ಹೊರಗೆ ನಿಂತು ಚಪ್ಪಲಿ ಮೆಟ್ಟಿಕೊಂಡ. ಬ್ಯಾಗನ್ನು ಹೆಗಲಿಗೇರಿಸಿ, ಅವಳ ಮುಖ ನೋಡಿ ನಕ್ಕ.

"ಇಷ್ಟೆಲ್ಲ ಯಾಕೆ ಒದ್ದಾಡಿದ್ರಿ ಅತ್ತಿಗೆ?" ಎಂದ. "ಅಕ್ಕ ನಾನು ಮಲಗೋ ಕೋಣೆ ಫ್ಯಾನ್ ಬಿಚ್ಚಿಸಿದ್ಲು, ಅಷ್ಟೇ."