ಬೆನ್ನ ಮೇಲೆ ಕೈ

ಹೆಣ್ಣು ನೋಡಲು ಮುದ್ದೇಬಿಹಾಳದವರು ಬಂದಾಗ ಕಸ್ತೂರಿ ಹಿತ್ತಲಿನಲ್ಲಿ ಹಲಗೆಯ ಮೇಲೆ ಮಲಗಿ, ಪಾದಕ್ಕೆ ಕಟ್ಟಿದ ಜೋಳದ ಚೀಲವನ್ನು ಎತ್ತಿ ಇಳಿಸುತ್ತಿದ್ದಳು. ತಾಯಿ ರುಕ್ಮವ್ವ ಓಡಿಬಂದು ಗಂಟು ಬಿಚ್ಚಿದಳು.

"ಇವತ್ತರ ಬಿಡವಾ. ಸೀರಿ ಉಟ್ಕೊ."

"ಆಪರೇಶನ್ ಸುದ್ದಿ ಅವರಿಗೆ ಗೊತ್ತೈತೇನು?"

"ನಮ್ಮ ಇಂಡಿ ಏನ್ ಮುಂಬಯಿ ಆತೇನು? ಬಸ್ ಇಳಿಯೂದ್ರಾಗ ಯಾರರ ಹೇಳಿರ್ತಾರ."

ಹೋದ ವರ್ಷ ಬಿಜಾಪುರದ ಕಾಲೇಜಿಗಾಗಿ ಖೋ ಖೋ ಆಡುವಾಗ ಅವಳ ಮೊಣಕಾಲು ಹೊರಳಿ, ಒಳಗಿನ ರಜ್ಜು ಹರಿದಿತ್ತು. ಮಿರಜದಲ್ಲಿ ಕೊಯ್ದು ಹೊಲಿದು, ತೊಡೆಯಿಂದ ಪಾದದವರೆಗೆ ಪ್ಲಾಸ್ಟರು ಹಾಕಿದ್ದರು. ಬಿಚ್ಚಿದಾಗ ಕಾಲು ಹತ್ತಿಕಟ್ಟಿಗೆಯಂತಾಗಿತ್ತು. ಅಂದಿನಿಂದ ಚೀಲ ಎತ್ತುವುದು ಬಿಟ್ಟು ಅವಳಿಗೆ ಬೇರೆ ಕೆಲಸವಿರಲಿಲ್ಲ. ಸೋಮವಾರ ಧಾರವಾಡದಲ್ಲಿ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ತಂದೆ ಬಸಂತರಾಯ ಊಟಕ್ಕೆ ಕುಳಿತಾಗ ಒಂದೇ ಮಾತು ಹೇಳಿದ್ದ: "ಇವರು ಒಲ್ಲೆ ಅಂದ್ರ ಧಾರವಾಡಕ್ಕ ಹೋಗು, ನಾ ತಡಿಯಂಗಿಲ್ಲ. ಹೂಂ ಅಂದ್ರ ಆಟ ಮುಗೀತು."

ಅವರ ಬಾಯಿಂದ ಒಲ್ಲೆ ಅನ್ನಿಸುವುದು ಕಷ್ಟವಿರಲಿಲ್ಲ. ಏಳುವಾಗ ಕೈ ನೆಲಕ್ಕೆ ಊರಬೇಕು, "ಅವ್ವಾ" ಎನ್ನಬೇಕು. ಕಸ್ತೂರಿ ಅದನ್ನೂ ಹಿತ್ತಲಿನಲ್ಲಿ ಮಾಡಿ ನೋಡಿದ್ದಳು.

ಪಡಸಾಲೆಯಲ್ಲಿ ಹುಡುಗ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ. ಅವನ ತಾಯಿ ಸಿದ್ದಲಿಂಗವ್ವ ಚಹಾ ಕುಡಿದು ಬಸಿಯನ್ನು ಕೆಳಗಿಟ್ಟಳು.

"ಹುಡಗಿ ಛಲೋ ಅದಾಳ. ಖರೆ, ಕಾಲಿಂದ ಏನೋ ಕೇಳೇವಿ."

"ಎಲ್ಲಾ ಆರಾಮ ಆಗೇತ್ರಿ," ಎಂದ ಬಸಂತರಾಯ. "ನಡೀತಾಳ, ನೋಡಿದ್ರಲ್ಲ."

"ನಡಿಯೂದು ಕುಂಟ ಕತ್ತೆನೂ ನಡಿತೈತ್ರಿ ಅಣ್ಣಾರ. ನಮ್ಮನ್ಯಾಗ ಕುರ್ಚಿ ಮ್ಯಾಲ ಕುಂತು ರೊಟ್ಟಿ ಬಡಿಯಂಗಿಲ್ಲ. ಕುಂತು ಏಳೂದು ನೋಡ್ಬೇಕು." ಅವಳು ಕಸ್ತೂರಿಯ ಕಡೆ ತಿರುಗಿದಳು. "ಒಲಿ ಮುಂದ ಕುಂತಂಗ ಕುಂದರವಾ ತಂಗಿ."

ಕಸ್ತೂರಿ ಪಡಸಾಲೆಯ ನಡುವೆ ಕುಕ್ಕರುಗಾಲಿನಲ್ಲಿ ಕುಳಿತಳು. ಮೊಣಕಾಲು ಪೂರ್ತಿ ಮಡಚಿತು. ನೋವು ಒಳಗೆ ಒಮ್ಮೆ ಹಿಂಡಿ ಸುಮ್ಮನಾಯಿತು. ಬೆರಳ ತುದಿಗಳು ತಾವಾಗಿಯೇ ನೆಲ ಮುಟ್ಟಿದವು. ಇನ್ನು ಸಿದ್ದಲಿಂಗವ್ವ ಏಳು ಎನ್ನಬೇಕಷ್ಟೆ. ಎಂದ ಕೂಡಲೇ ಬೀಳಬೇಕು.

ಸಿದ್ದಲಿಂಗವ್ವ ಎದ್ದು ಅವಳ ಹಿಂದೆ ಬಂದಳು. ಹೆರಳನ್ನು ಎತ್ತಿ, ಚೌರಿ ಸೇರಿಸಿದ್ದಾರೋ ಏನೋ ಎಂದು ಬೆರಳಾಡಿಸಿದಳು. "ಸ್ವಂತದ್ದೈತಿ," ಎಂದು ಹುಡುಗನಿಗೆ ಕೇಳಿಸುವಂತೆ ಹೇಳಿದಳು. ಹೆರಳು ಬಿಟ್ಟು, ಅಂಗೈ ಬಿಚ್ಚಿ ಕಸ್ತೂರಿಯ ಬೆನ್ನಿಗೆ ತಟ್ಟಿದಳು.

ಏಳು ಎಂಬ ಮಾತು ಇನ್ನೂ ಸಿದ್ದಲಿಂಗವ್ವನ ಬಾಯಲ್ಲೇ ಇತ್ತು. ಕಸ್ತೂರಿ ಅಷ್ಟರಲ್ಲಿ ಪಡಸಾಲೆಯ ಆ ತುದಿಯಲ್ಲಿದ್ದಳು. ಕಟ್ಟಿಗೆಯ ಕಂಬವನ್ನು ಒಂದು ಕೈಯಿಂದ ಬಳಸಿ, ಮೈಯೆಲ್ಲ ಮುಂದಕ್ಕೆ ಬಾಗಿಸಿ ನಿಂತಿದ್ದಳು. ನೆರಿಗೆ ಮೇಲೇರಿ ಮೊಣಕಾಲಿನ ಹೊಲಿಗೆಯ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಕಾಲು ನಡುಗಲಿಲ್ಲ. ಬಾಗಿಲ ಬಳಿ ಅವಳ ಕಾಲು ತಾಗಿ ಉರುಳಿದ ಕಪ್ಪಿನ ಚಹಾ ನೆಲದ ಮೇಲೆ ಹರಿಯುತ್ತಿತ್ತು.

ಸಿದ್ದಲಿಂಗವ್ವ ನಕ್ಕಳು.

"ಹೋರಿ ಕಾಲು ಅದಾವಲ್ಲವಾ. ನಮಗ ಒಪ್ಪಿಗಿ, ಸಕ್ಕರಿ ತರ್ರಿ. ಅಲ್ಲಾ ರುಕ್ಮವ್ವ, ಮುರದ ಕಾಲು ಇಷ್ಟು ಗಟ್ಟಿ ಹೆಂಗ ಮಾಡಿದ್ರಿ?"

"ದಿನಾ ಜ್ವಾಳದ ಚೀಲ ಕಟ್ಟಿಕೊಂಡು ಎತ್ತತಿದ್ಲು. ಬಾಯಿ ಬಿಟ್ಟು ಅಳಲಿಲ್ರಿ." ರುಕ್ಮವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. "ಎಲ್ಲಾ ಈ ದಿನದ ಸಲುವಾಗೇ."

ಖೋ ಖೋ ಆಟದಲ್ಲಿ ಬೆನ್ನ ಮೇಲೆ ಕೈ ಬಿದ್ದವಳು ಎದ್ದು ಓಡಲೇಬೇಕು, ಕಂಬ ಮುಟ್ಟಿದ ಮೇಲೆ ಆಚೆ ಬದಿಗೆ ತಿರುಗಿ ಓಡಬಹುದು. ಈ ಕಂಬದ ಆಚೆ ಗೋಡೆ ಇತ್ತು. ಸಕ್ಕರೆ ಹಿಡಿದು ತಾಯಿ ಹತ್ತಿರ ಬಂದಾಗ ಕಸ್ತೂರಿ ತಿನ್ನಲು ಬಾಯಿ ತೆರೆದಳು. ಕೈ ಇನ್ನೂ ಕಂಬ ಬಿಟ್ಟಿರಲಿಲ್ಲ.