ಮುಕ್ಕಾಲು ಸೆಕೆಂಡು

"ಈ ಸಾಲು ಯಾಕಿದೆ?" ಎಂದು ತಂತ್ರಾಂಶವೊಂದರ ಕೋಡಿನ ಪಕ್ಕ ಬರೆದು ಹುಡುಗಿ ಮೂರನೇ ಸಲವೂ ಅಳಿಸಿದಳು. ಆಮೇಲೆ "ಸರಿಯಿದೆ" ಎಂಬುದನ್ನು ಒತ್ತಿಬಿಟ್ಟಳು.

ಮಾತು ನಿಂತುಹೋದವರ ಪರವಾಗಿ ಮಾತಾಡುವ ತಂತ್ರಾಂಶ ಅದು. ಪರದೆಯ ಮೇಲಿನ ಚಿತ್ರ ಮುಟ್ಟಿದರೆ ಅದರ ಹೆಸರು ಹೇಳುತ್ತದೆ. ಪುಕ್ಕಟೆ ಸಿಗುತ್ತದೆ, ಯಾರು ಬೇಕಾದರೂ ಅದರ ಕೋಡ್ ತಿದ್ದಿ ಕಳಿಸಬಹುದು. ಆದರೆ ಇನ್ನೊಬ್ಬರು ಓದಿ ಒಪ್ಪದೆ ಒಂದಕ್ಷರವೂ ಒಳಗೆ ಸೇರದು. ಸಣ್ಣಪುಟ್ಟ ತಿದ್ದುಪಡಿಗಳನ್ನು ಓದುವ ಕೆಲಸ ಆರು ತಿಂಗಳಿಂದ ಇವಳದು. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಮಾತು ನಿಂತ ಅಜ್ಜಿಯ ಮಂಚದ ಪಕ್ಕ ಕೂತು ಕಲಿತ ವಿದ್ಯೆ ಇದೊಂದೇ.

ಈ ಸಲದ ತಿದ್ದುಪಡಿ ಕಳಿಸಿದವನಿಗೆ ಅಲ್ಲಿ 'ಪೊರಕೆ' ಎಂದೇ ಹೆಸರು. ಬೇಡದ ಸಾಲು ಕಂಡರೆ ಅವನ ಕೈ ಸುಮ್ಮನಿರದು. ದೊಡ್ಡ ಓದು ಓದಿದವನು ಬೇರೆ. ಕಿತ್ತದ್ದು ಹನ್ನೊಂದು ಸಾಲು, ಅದರಲ್ಲಿ ಹತ್ತು ನಿಜಕ್ಕೂ ಕಸ. ಒಮ್ಮೆ ಒತ್ತಿದ ಮೇಲೆ ಮುಕ್ಕಾಲು ಸೆಕೆಂಡು ಬೇರೇನನ್ನೂ ಲೆಕ್ಕಕ್ಕೆ ಹಿಡಿಯಬೇಡ ಎಂದು ಯಂತ್ರಕ್ಕೆ ಹೇಳುತ್ತಿದ್ದದ್ದು ಹನ್ನೊಂದನೆಯದು. ಯಾಕೆಂದು ಯಾರೂ ಬರೆದಿರಲಿಲ್ಲ. ಸುಮ್ಮನೆ ನಿಧಾನ ಮಾಡುತ್ತದೆ ಎಂದಿದ್ದ ಪೊರಕೆ.

ಗುರುವಾರ ಹೊಸ ಆವೃತ್ತಿ ಬಂತು. ಅಜ್ಜಿಯ ಟ್ಯಾಬಿಗೂ ಹಾಕಿದಳು. ಮಧ್ಯಾಹ್ನ ಅಜ್ಜಿಯ ನಡುಗುವ ಬೆರಳು ನೀರಿನ ಲೋಟದ ಚಿತ್ರವನ್ನು ಮತ್ತೆ ಮತ್ತೆ ತಾಕಿತು.

"ನೀರು ನೀರು ನೀರು ನೀರು" ಎಂದಿತು ಟ್ಯಾಬು.

ಅಮ್ಮ ಸೋಪಿನ ಕೈಯಲ್ಲೇ ಓಡಿಬಂದಳು. "ಒಂದ್ಸಲ ಹೇಳಿದ್ರೆ ಸಾಲ್ದಾ ಅತ್ತೆ? ನಂಗೇನ್ ನಾಲ್ಕು ಕೈ ಇದ್ಯಾ?"

ಅಜ್ಜಿ ನೀರು ಕುಡಿಯಲಿಲ್ಲ. ಟ್ಯಾಬನ್ನು ಮೆಲ್ಲಗೆ ಮಗುಚಿಟ್ಟು ಗೋಡೆಯ ಕಡೆ ತಿರುಗಿದಳು. ಸಂಜೆಯವರೆಗೂ ಏನನ್ನೂ ಕೇಳಲಿಲ್ಲ, ಹಾಸಿಗೆ ಒದ್ದೆಯಾದಾಗಲೂ.

ಕಸ ಗುಡಿಸಹೋಗಿ ಉಂಗುರವನ್ನೂ ಗುಡಿಸಿದ ಹಾಗಾಗಿತ್ತು. ಹುಡುಗಿ ಎಲ್ಲರೂ ಓದುವ ಜಾಗದಲ್ಲೇ ಅಜ್ಜಿಗಾದದ್ದನ್ನೂ ತಪ್ಪು ತನ್ನದೆಂಬುದನ್ನೂ ಬರೆದು, ಆ ಹನ್ನೊಂದನೇ ಸಾಲನ್ನು ವಾಪಸು ಸೇರಿಸಲು ಕಳಿಸಿದಳು. ಈಗ ಓದಿ ಒಪ್ಪುವ ಸರದಿ ಪೊರಕೆಯದು.

"ನಿಮ್ಮಜ್ಜಿ ಒಬ್ರಿಗೋಸ್ಕರ ಎಲ್ರಿಗೂ ನಿಧಾನ ಮಾಡೋದಾ?" ಎಂದು ಕೇಳಿದ.

ಈ ಸಲ ಅವಳು ಬರೆದದ್ದನ್ನು ಅಳಿಸಲಿಲ್ಲ. "ಇದನ್ನ ಬಳಸೋರಲ್ಲಿ ಎಷ್ಟು ಜನರ ಕೈ ನಡುಗಲ್ಲ, ನೀವೇ ಹೇಳಿ."

ಹಾಗಾದರೆ ಸಾಲಿನ ಮೇಲೆ ಕಾರಣವನ್ನೂ ಬರೆದರೆ ಒಪ್ಪುತ್ತೇನೆ ಎಂದ ಪೊರಕೆ. ಬರೆದಳು: 'ನಡುಗುವ ಬೆರಳು ಒಮ್ಮೆ ಕೇಳಿದ್ದನ್ನು ಒಮ್ಮೆಯೇ ಹೇಳಲು. ತೆಗೆಯಬೇಡಿ.'

ಮಾರನೇ ದಿನ ಸರಿಪಡಿಸಿದ ಆವೃತ್ತಿ ಹಾಕಿ ಟ್ಯಾಬನ್ನು ಅಜ್ಜಿಯ ಮಡಿಲಲ್ಲಿಟ್ಟಳು. ತನ್ನನ್ನು ಕಚ್ಚಿದ ನಾಯಿಯನ್ನು ನೋಡುವಂತೆ ಅಜ್ಜಿ ಅದನ್ನು ನೋಡಿದಳು. ಬಹಳ ಹೊತ್ತಿನ ಮೇಲೆ ಬೆರಳು ಲೋಟದ ಹತ್ತಿರ ಬಂತು, ಎಂದಿನಂತೆ ನಡುಗಿತು.

"ನೀರು."

ಒಂದೇ ಸಲ. ಒಳಗೆ ಮಿಕ್ಸಿ ತಿರುಗುತ್ತಿತ್ತು, ಅಮ್ಮನಿಗೆ ಕೇಳಿಸಲಿಲ್ಲ. ತಾನೇ ತರೋಣವೆಂದು ಹುಡುಗಿ ಎದ್ದಳು. ಅಜ್ಜಿ ಅವಳ ದುಪಟ್ಟಾ ಹಿಡಿದು ಕೂರಿಸಿದಳು. ಟ್ಯಾಬಿನ ದನಿಯನ್ನು ತುದಿಯವರೆಗೆ ಏರಿಸಿ, ಇನ್ನೊಮ್ಮೆ ಒತ್ತಿದಳು.